ಹಿಂದಿನ ಸೀಟಿಗೆ ಬಂದ ಪರದೆ: ಕಾರಿನೊಳಗಿನ ಮನರಂಜನೆಯ ನೂರು ವರ್ಷ

ದೂರದ ಊರಿಗೆ ಕಾರಿನಲ್ಲಿ ಹೊರಟಾಗ ಹಿಂದಿನ ಸೀಟಿನ ಮಕ್ಕಳಿಗೆ ಬೇಗ ಬೇಸರ ಬರುತ್ತದೆ. "ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆ ಹತ್ತು ಕಿಲೋಮೀಟರಿಗೊಮ್ಮೆ ಕೇಳಿಬರುತ್ತದೆ. ಇದಕ್ಕೆ ಉಪಾಯವಾಗಿ ಮುಂದಿನ ಸೀಟುಗಳ ಬೆನ್ನಿಗೆ ಚಿಕ್ಕ ಪರದೆಗಳನ್ನು ಕೂರಿಸಿ ಸಿನಿಮಾ, ಕಾರ್ಟೂನು ತೋರಿಸುವ ಪದ್ಧತಿ ಬಂದಿದೆ. ಕೆಲವು ಕಾರುಗಳಿಗೆ ಇವು ಕಾರ್ಖಾನೆಯಲ್ಲೇ ಅಳವಡಿಕೆಯಾಗಿರುತ್ತವೆ. ಕೆಲವರು ಅಂಗಡಿಯಲ್ಲಿ ಹಾಕಿಸುತ್ತಾರೆ. ಇನ್ನು ಕೆಲವರು ಸಾಮಾನು ತಂದು, ರಜೆಯ ದಿನ ಸ್ಕ್ರೂಡ್ರೈವರ್ ಹಿಡಿದು ತಾವೇ ಕೂರಿಸುತ್ತಾರೆ.

ನೋಡಲು ಇದು ಸುಲಭದ ಕೆಲಸ. ವಿದ್ಯುತ್ತಿಗಾಗಿ ಪರದೆಯಿಂದ ಹೊರಡುವ ತಂತಿಗಳು ಎರಡೇ, ಒಂದು ಕೆಂಪು, ಒಂದು ಕಪ್ಪು. ಕೆಂಪನ್ನು ಬ್ಯಾಟರಿಯ ಧನಾಗ್ರಕ್ಕೂ ಕಪ್ಪನ್ನು ಕಾರಿನ ಲೋಹದ ಮೈಗೂ ಸೇರಿಸಿದರೆ ಪರದೆ ಬೆಳಗುತ್ತದೆ. ಹೈಸ್ಕೂಲಿನಲ್ಲಿ ವಿದ್ಯುನ್ಮಂಡಲದ ಪಾಠ ಓದಿದ ಯಾರಾದರೂ ಇದನ್ನು ಮಾಡಬಹುದು.

ಆದರೆ ಕಾರಿನ ಬ್ಯಾಟರಿ ಇರುವುದು ಎಂಜಿನನ್ನು ಚಾಲೂ ಮಾಡಲು. ರೇಡಿಯೋ, ಟೇಪು, ಪರದೆ ಇವೆಲ್ಲ ಆಮೇಲೆ ಬಂದ ಅತಿಥಿಗಳು. ಪ್ರತಿಯೊಬ್ಬ ಅತಿಥಿಯೂ ಬಂದಾಗ ಏನೋ ಒಂದು ತೊಂದರೆ ಎದುರಾಯಿತು, ಅದಕ್ಕೊಂದು ಪರಿಹಾರ ಹುಡುಕಬೇಕಾಯಿತು. ಆ ಪರಿಹಾರಗಳೇ ಇಂದಿನ ಕಾರಿನ ವೈರಿಂಗಿನಲ್ಲಿ ಅಡಗಿವೆ. ಇತಿಹಾಸ ತಿಳಿಯದೆ ಎರಡು ತಂತಿ ಜೋಡಿಸಿದವರು ಹಳೆಯ ತೊಂದರೆಗಳನ್ನು ಮತ್ತೆ ತಮ್ಮ ಕಾರಿಗೆ ಕರೆತರುತ್ತಾರೆ. ಅದು ಹೇಗೆಂದು ನೋಡೋಣ.

ಬ್ಯಾಟರಿ, ಸೆಲ್ಫ್ ಮತ್ತು ಮೊದಲ ರೇಡಿಯೋಗಳು

ಮೊದಲ ಕಾರುಗಳನ್ನು ಕೈಯಿಂದ ಹಿಡಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಹಿಡಿ ಹಿಂದಕ್ಕೆ ಒದೆದು ಕೈ ಮುರಿದುಕೊಂಡವರು ಬಹಳ ಮಂದಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಈ ಕಷ್ಟ ತಪ್ಪಿತು. ನಮ್ಮ ಚಾಲಕರು ಇಂದಿಗೂ ಇದನ್ನು 'ಸೆಲ್ಫ್' ಎನ್ನುತ್ತಾರೆ. ಇದರೊಂದಿಗೆ ದೊಡ್ಡ ಬ್ಯಾಟರಿಯೂ ಅದನ್ನು ತುಂಬಿಸುವ ಡೈನಮೋ ಕೂಡ ಕಾರಿನ ಖಾಯಂ ಅಂಗಗಳಾದವು. ಕಾರು ಒಂದು ಚಲಿಸುವ ವಿದ್ಯುದಾಗಾರವಾಯಿತು.

1920ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೇಡಿಯೋ ಪ್ರಸಾರ ಶುರುವಾಯಿತು. ಅದನ್ನು ಕಾರಿಗೆ ತಂದ ಮೊದಲಿಗರಲ್ಲಿ ಒಬ್ಬ ವಿದ್ಯಾರ್ಥಿ ಎಂಬುದು ಗಮನಾರ್ಹ. ಚಿಕಾಗೋದ ಲೇನ್ ಹೈಸ್ಕೂಲಿನ ರೇಡಿಯೋ ಸಂಘದ ಅಧ್ಯಕ್ಷನಾಗಿದ್ದ ಜಾರ್ಜ್ ಫ್ರಾಸ್ಟ್ 1922ರಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿಗೆ ರೇಡಿಯೋ ಕೂರಿಸಿದ ಎಂದು ಇತಿಹಾಸಕಾರರು ದಾಖಲಿಸುತ್ತಾರೆ. ಅಂದರೆ 'ನಾವೇ ಅಳವಡಿಸೋಣ' ಎಂಬ ಹವ್ಯಾಸ ಕಾರ್ ರೇಡಿಯೋದಷ್ಟೇ ಹಳೆಯದು.

ಕಾರಿನ ರೇಡಿಯೋವನ್ನು ವ್ಯಾಪಾರದ ಸರಕನ್ನಾಗಿ ಮಾಡಿದವರಲ್ಲಿ ಪಾಲ್ ಗ್ಯಾಲ್ವಿನ್ ಪ್ರಮುಖರು. ಚಿಕಾಗೋದಲ್ಲಿ 1928ರಲ್ಲಿ ಆರಂಭವಾದ ಅವರ ಕಂಪನಿ 1930ರಲ್ಲಿ ಒಂದು ಕಾರ್ ರೇಡಿಯೋ ತಯಾರಿಸಿತು. ಗ್ಯಾಲ್ವಿನ್ ಅದನ್ನು ತಮ್ಮ ಸ್ಟುಡೆಬೇಕರ್ ಕಾರಿಗೆ ಕೂರಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಒಯ್ದರು. ಸಭಾಂಗಣದ ಹೊರಗೆ ಕಾರು ನಿಲ್ಲಿಸಿ, ಜೋರಾಗಿ ರೇಡಿಯೋ ಹಾಕಿ ಜನರನ್ನು ಸೆಳೆದರು. ಈ ರೇಡಿಯೋಗೆ ಇಟ್ಟ ಹೆಸರು 'ಮೋಟೊರೋಲಾ'. 1947ರಲ್ಲಿ ಕಂಪನಿಯ ಹೆಸರೇ ಮೋಟೊರೋಲಾ ಎಂದಾಯಿತು.

ಗ್ಯಾಲ್ವಿನ್ ಬಗ್ಗೆ ಮತ್ತೆ ಮತ್ತೆ ಹೇಳಲಾಗುವ ಒಂದು ಕಥೆಯಿದೆ. ಸಾಲ ಪಡೆಯಲು ಅವರು ಒಬ್ಬ ಬ್ಯಾಂಕರ್‌ನ ಪ್ಯಾಕರ್ಡ್ ಕಾರಿಗೆ ರೇಡಿಯೋ ಹಾಕಿಸಿಕೊಟ್ಟರಂತೆ. ಅರ್ಧ ಗಂಟೆಯೊಳಗೆ ಆ ಕಾರಿಗೆ ಬೆಂಕಿ ಬಿತ್ತಂತೆ, ಸಾಲವೂ ಸಿಗಲಿಲ್ಲವಂತೆ. ಕಥೆಗೆ ಉಪ್ಪುಖಾರ ಸೇರಿರಬಹುದು. ಆದರೆ ಕಾರಿನಲ್ಲಿ ತಂತಿ ಎಳೆದರೆ ಬೆಂಕಿ ಬೀಳಬಹುದೆಂಬ ಅದರ ತಿರುಳು ಮಾತ್ರ ನಿಜ. ಅದರ ಲೆಕ್ಕವನ್ನು ಮುಂದೆ ನೋಡಲಿದ್ದೇವೆ.

ಆರು ವೋಲ್ಟಿನಿಂದ ಇನ್ನೂರು ವೋಲ್ಟಿಗೆ

ಅಂದಿನ ರೇಡಿಯೋ ಕೆಲಸ ಮಾಡುತ್ತಿದ್ದುದು ನಿರ್ವಾತ ನಳಿಕೆಗಳಿಂದ. ಅವನ್ನು ಜನ 'ವಾಲ್ವ್' ಎನ್ನುತ್ತಿದ್ದರು. ನಳಿಕೆಗೆ ಎರಡು ಬಗೆಯ ವಿದ್ಯುತ್ ಬೇಕು. ಒಳಗಿನ ತಂತಿಯನ್ನು ಕಾಯಿಸಲು ಕಡಿಮೆ ವೋಲ್ಟೇಜು ಸಾಕು. ಇಲೆಕ್ಟ್ರಾನುಗಳನ್ನು ಸೆಳೆಯುವ ಫಲಕಕ್ಕೆ ಮಾತ್ರ ಇನ್ನೂರು ವೋಲ್ಟಿನ ಆಸುಪಾಸು ಬೇಕು.

ಕಾಯಿಸುವ ತಂತಿಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಅಂದಿನ ಕಾರಿನ ಬ್ಯಾಟರಿಯಲ್ಲಿ ಮೂರು ಸೀಸ-ಆಮ್ಲ ಕೋಶಗಳಿದ್ದವು. ಒಂದೊಂದು ಕೋಶದ್ದು 2.1 ವೋಲ್ಟ್, ಒಟ್ಟು 6.3 ವೋಲ್ಟ್. ಇದಕ್ಕೆ ಸರಿಹೊಂದುವಂತೆ 6.3 ವೋಲ್ಟಿನ ನಳಿಕೆಗಳನ್ನು ತಯಾರಿಸಿದರು. ಹಳೆಯ ವಾಲ್ವ್ ರೇಡಿಯೋ ಬಿಚ್ಚಿ ನೋಡಿದವರಿಗೆ '6.3 ವೋಲ್ಟ್' ಎಂಬ ವಿಚಿತ್ರ ಸಂಖ್ಯೆ ಪರಿಚಿತ. ಮನೆಯ ರೇಡಿಯೋಗಳಲ್ಲೂ ಉಳಿದುಕೊಂಡ ಆ ಸಂಖ್ಯೆಯ ಮೂಲ ಕಾರಿನ ಬ್ಯಾಟರಿ.

ಇನ್ನೂರು ವೋಲ್ಟಿನ ಸಮಸ್ಯೆ ಕಠಿಣವಾಗಿತ್ತು. ಮೊದಮೊದಲು ಕಾರಿನ ನೆಲದ ಕೆಳಗೆ ಬೇರೆ ಒಣ ಬ್ಯಾಟರಿಗಳ ಪೆಟ್ಟಿಗೆಗಳನ್ನೇ ಇಡಬೇಕಿತ್ತು. ಟ್ರಾನ್ಸ್‌ಫಾರ್ಮರ್ ಬಳಸಿ ವೋಲ್ಟೇಜನ್ನು ಏರಿಸಬಹುದಿತ್ತಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಬದಲಾಗುವ ಪ್ರವಾಹದಿಂದ. ಬ್ಯಾಟರಿ ಕೊಡುವುದು ನೇರ ಪ್ರವಾಹ. 1930ರ ದಶಕದ ಆರಂಭದಲ್ಲಿ ಇದಕ್ಕೆ ಸಿಕ್ಕ ಉಪಾಯ ವೈಬ್ರೇಟರ್. ವಿದ್ಯುತ್ ಗಂಟೆಯಲ್ಲಿ ಸುತ್ತಿಗೆ ಬಡಿಯುವ ಹಾಗೆ, ಒಂದು ಲೋಹದ ಪಟ್ಟಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಂಪಿಸುತ್ತ ಬ್ಯಾಟರಿಯ ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಅತ್ತ ಕಡೆ ಏರಿದ ವೋಲ್ಟೇಜನ್ನು ಮತ್ತೆ ನೇರ ಪ್ರವಾಹವಾಗಿಸುತ್ತಿದ್ದರು. ಹಳೆಯ ಕಾರ್ ರೇಡಿಯೋ ಹಾಕಿದೊಡನೆ ಕೇಳುತ್ತಿದ್ದ ಗುಂಯ್ ಎಂಬ ಸದ್ದು ಇದರದೇ.

ಇನ್ನೊಂದು ತೊಂದರೆ ಎಂಜಿನಿನಿಂದಲೇ ಬಂತು. 1887ರಲ್ಲಿ ಹೈನ್ರಿಚ್ ಹರ್ಟ್ಸ್ ರೇಡಿಯೋ ತರಂಗಗಳನ್ನು ಹುಟ್ಟಿಸಿದ್ದು ವಿದ್ಯುತ್ ಕಿಡಿಯಿಂದ. ಎಂಜಿನಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಆಗುವುದೂ ಅದೇ. ನಾಲ್ಕು ಸಿಲಿಂಡರಿನ ಎಂಜಿನ್ ಎಂದರೆ ನಾಲ್ಕು ಹರ್ಟ್ಸ್ ಪ್ರೇಷಕಗಳು ಪಕ್ಕದಲ್ಲೇ ಕೆಲಸ ಮಾಡಿದಂತೆ! ರೇಡಿಯೋದಲ್ಲಿ ಹಾಡಿಗಿಂತ ಚಟಪಟ ಸದ್ದೇ ಹೆಚ್ಚು. ಪ್ಲಗ್ಗಿನ ತಂತಿಯಲ್ಲಿ ಸಾವಿರಾರು ಓಮ್‌ಗಳ ರೋಧಕವನ್ನು ಸೇರಿಸಿ ಈ ಸದ್ದನ್ನು ಅಡಗಿಸಿದರು. ಇಂದಿನ ಪೆಟ್ರೋಲ್ ಕಾರುಗಳ ಪ್ಲಗ್ಗುಗಳಲ್ಲೂ ಅಂಥ ರೋಧಕ ಉಂಟು.

ಟ್ರಾನ್ಸಿಸ್ಟರ್, ತಟ್ಟೆ, ಟೇಪು

1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ಪೂರ್ತಿ ಟ್ರಾನ್ಸಿಸ್ಟರುಗಳಿಂದ ಮಾಡಿದ ಕಾರ್ ರೇಡಿಯೋವನ್ನು ಹೊರತಂದವು. ಬೆಲೆ 150 ಡಾಲರ್. ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿ ಬೇಡ, ಇನ್ನೂರು ವೋಲ್ಟೂ ಬೇಡ. ಬ್ಯಾಟರಿಯ ವೋಲ್ಟೇಜೇ ನೇರವಾಗಿ ಸಾಕು. ವೈಬ್ರೇಟರಿನ ಕಾಲ ಮುಗಿಯತೊಡಗಿತು. ಅದೇ ಸುಮಾರಿಗೆ ದೊಡ್ಡ ಎಂಜಿನುಗಳನ್ನು ಚಾಲೂ ಮಾಡಲು ಹೆಚ್ಚು ಶಕ್ತಿ ಬೇಕಾದ್ದರಿಂದ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾದವು. ಅದೇ 12 ವೋಲ್ಟ್ ಇಂದಿಗೂ ನಮ್ಮ ಕಾರುಗಳಲ್ಲಿ ಉಳಿದಿದೆ.

ರೇಡಿಯೋ ಕೇಳುವವರಿಗೆ ನಿಲಯದವರು ಹಾಕಿದ್ದೇ ಹಾಡು. ತಮಗೆ ಬೇಕಾದ ಹಾಡು ಕೇಳಲು 1956ರ ಕ್ರೈಸ್ಲರ್ ಕಾರುಗಳಲ್ಲಿ 'ಹೈವೇ ಹೈ-ಫೈ' ಎಂಬ ಗ್ರಾಮಫೋನೇ ಬಂತು. ರೂಪಿಸಿದವರು ಎಲ್‌ಪಿ ತಟ್ಟೆಯ ಅಭಿವೃದ್ಧಿಯಲ್ಲಿ ಪಾತ್ರ ವಹಿಸಿದ್ದ ಪೀಟರ್ ಗೋಲ್ಡ್‌ಮಾರ್ಕ್. ತಟ್ಟೆ ನಿಮಿಷಕ್ಕೆ ಹದಿನಾರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು ತಿರುಗುತ್ತಿತ್ತು. ಇದಕ್ಕೆಂದೇ ಮಾಡಿದ ತಟ್ಟೆಗಳನ್ನಷ್ಟೇ ಹಾಕಬಹುದಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ.

ಗೆದ್ದದ್ದು ಅಯಸ್ಕಾಂತೀಯ ಟೇಪು. ಗ್ಯಾಲ್ವಿನ್ ಜೊತೆ ಮೊದಲ ಕಾರ್ ರೇಡಿಯೋಗೆ ದುಡಿದಿದ್ದ ವಿಲಿಯಂ ಲಿಯರ್ ಮುಂದೆ 'ಎಯ್ಟ್ ಟ್ರ್ಯಾಕ್' ಎಂಬ ಟೇಪು ಪೆಟ್ಟಿಗೆಯನ್ನು ರೂಪಿಸಿದರು. ಫೋರ್ಡ್ ಅದನ್ನು 1966ರ ಮಾದರಿಯ ಕಾರುಗಳಿಗೆ ಕೊಟ್ಟಿತು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ ಇನ್ನೂ ಚಿಕ್ಕದು. 1968ರಲ್ಲಿ ಅದೂ ಕಾರಿಗೆ ಬಂತು. ಟೇಪಿನಲ್ಲಿ ಗೀರಿನ ಮೇಲೆ ಓಡುವ ಮುಳ್ಳಿಲ್ಲ. ಟೇಪು ತಲೆಗೆ ಒತ್ತಿಕೊಂಡೇ ಸಾಗುತ್ತದೆ. ಆದ್ದರಿಂದ ಗುಂಡಿಯ ರಸ್ತೆಯಲ್ಲೂ ಹಾಡು ಜಿಗಿಯುವುದಿಲ್ಲ.

ಡೈನಮೋ ಹೋಗಿ ಆಲ್ಟರ್ನೇಟರ್

ಉಪಕರಣಗಳು ಹೆಚ್ಚಿದಂತೆ ವಿದ್ಯುತ್ತಿನ ಬೇಡಿಕೆಯೂ ಹೆಚ್ಚಿತು. ಡೈನಮೋ ನಿಧಾನಗತಿಯಲ್ಲಿ ಸಾಕಷ್ಟು ವಿದ್ಯುತ್ ಕೊಡುವುದಿಲ್ಲ. ಸಂಚಾರ ದಟ್ಟಣೆಯಲ್ಲಿ ನಿಂತ ಕಾರಿನ ಬ್ಯಾಟರಿ ಸೊರಗುತ್ತಿತ್ತು. ಪರ್ಯಾಯ ಪ್ರವಾಹ ಕೊಡುವ ಆಲ್ಟರ್ನೇಟರ್ ಇದಕ್ಕಿಂತ ಒಳ್ಳೆಯದೆಂದು ಗೊತ್ತಿತ್ತು. ಆದರೆ ಆ ಪ್ರವಾಹವನ್ನು ನೇರವಾಗಿಸಲು ಚಿಕ್ಕದಾದ, ಶಾಖ ತಡೆಯುವ ಸಾಧನ ಬೇಕಿತ್ತು. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಇದು ಸಾಧ್ಯವಾಯಿತು. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಅಳವಡಿಸಿತು. ಬೇರೆಯವರು ಅದೇ ದಾರಿ ಹಿಡಿದರು.

ಆಲ್ಟರ್ನೇಟರ್ ತನ್ನದೇ ಎರಡು ತೊಂದರೆಗಳನ್ನು ತಂದಿತು. ಮೊದಲನೆಯದು ಸಿಳ್ಳೆ. ಆರು ಜೊತೆ ಧ್ರುವಗಳ ಆಲ್ಟರ್ನೇಟರನ್ನು ತೆಗೆದುಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ, ಪಟ್ಟಿಯ ಗಾಲಿಗಳ ಪ್ರಮಾಣ 2.5 ಇದ್ದರೆ, ಆಲ್ಟರ್ನೇಟರ್ 2000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 33 ಸುತ್ತು. ಆರು ಧ್ರುವ ಜೊತೆಗಳಿಂದ 200 ಹರ್ಟ್ಸ್. ಮೂರು ಹಂತಗಳ ಈ ಪ್ರವಾಹವನ್ನು ಡಯೋಡುಗಳು ನೇರವಾಗಿಸಿದಾಗ ಪ್ರತಿ ಆವರ್ತಕ್ಕೆ ಆರು ಏರಿಳಿತ ಉಳಿಯುತ್ತವೆ. ಒಟ್ಟು 1200 ಹರ್ಟ್ಸ್. ಇದು ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಆವೃತ್ತಿ. ಪರದೆಯ ಕಪ್ಪು ತಂತಿಯನ್ನು ಒಂದು ಕಡೆ, ಧ್ವನಿವರ್ಧಕದ ಕಪ್ಪು ತಂತಿಯನ್ನು ದೂರದ ಇನ್ನೊಂದು ಕಡೆ ಕಾರಿನ ಮೈಗೆ ಜೋಡಿಸಿದರೆ ಈ ಎರಡು ಜಾಗಗಳ ನಡುವಣ ಅಲ್ಪ ವೋಲ್ಟೇಜು ಧ್ವನಿಯೊಳಗೆ ಸೇರುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸಿಳ್ಳೆಯ ಶ್ರುತಿಯೂ ಏರುತ್ತದೆ! ಎಲ್ಲ ಉಪಕರಣಗಳ ಕಪ್ಪು ತಂತಿಗಳನ್ನು ಒಂದೇ ಬಿಂದುವಿಗೆ ತರುವುದು ಇದಕ್ಕೆ ಮದ್ದು.

ಎರಡನೆಯದು ಹಠಾತ್ ಏರಿಕೆ. ಆಲ್ಟರ್ನೇಟರ್ ಜೋರಾಗಿ ವಿದ್ಯುತ್ ತುಂಬುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ, '12 ವೋಲ್ಟಿನ' ವ್ಯವಸ್ಥೆಯಲ್ಲಿ ಒಂದು ಕ್ಷಣ ನೂರು ವೋಲ್ಟಿನ ಹತ್ತಿರ ಏರಬಹುದು. ಸೆಲ್ಫ್ ಹೊಡೆದಾಗ ಅದೇ ವ್ಯವಸ್ಥೆ ಏಳೆಂಟು ವೋಲ್ಟಿಗೆ ಇಳಿಯಲೂಬಹುದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು. ಹೀಗಾಗಿ ಮೇಜಿನ ಮೇಲೆ 12 ವೋಲ್ಟಿನ ಅಡಾಪ್ಟರಿನಲ್ಲಿ ಚೆನ್ನಾಗಿ ಓಡಿದ ಮನೆಬಳಕೆಯ ಪರದೆ ಕಾರಿನಲ್ಲಿ ಸುಟ್ಟುಹೋಗುವುದುಂಟು. ಕಾರಿಗೆಂದೇ ಮಾಡಿದ ಪರದೆಯ ಒಳಗೆ ಈ ಏರಿಳಿತ ತಡೆಯುವ ಭಾಗಗಳಿರುತ್ತವೆ.

ಚಿತ್ರ ಬಂತು

ಧ್ವನಿಯ ಹಿಂದೆ ಚಿತ್ರ ಬರಲು ಇಷ್ಟು ವರ್ಷ ಏಕೆ ಬೇಕಾಯಿತು? ಕಾರಣ ಚಿತ್ರನಳಿಕೆ. ಬಣ್ಣದ ಟಿವಿಯ ನಳಿಕೆಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕಿದ ವೋಲ್ಟೇಜು ಬೇಕು. ಅದು ದಪ್ಪ ಗಾಜಿನದು, ಭಾರ, ಹಿಂದಕ್ಕೆ ಉದ್ದ. ಜೊತೆಗೆ ಇಲೆಕ್ಟ್ರಾನ್ ಕಿರಣವನ್ನು ಭೂಮಿಯ ಕಾಂತಕ್ಷೇತ್ರವೂ ಅಷ್ಟಿಷ್ಟು ಬಾಗಿಸುತ್ತದೆ. ಮನೆಯಲ್ಲಿ ಟಿವಿ ಒಂದೇ ದಿಕ್ಕಿಗೆ ಕುಳಿತಿರುತ್ತದೆ. ತಿರುವುಗಳಲ್ಲಿ ದಿಕ್ಕು ಬದಲಿಸುವ ವಾಹನದಲ್ಲಿ ಬಣ್ಣಗಳು ಕಲಸಿಹೋಗುವ ಸಂಭವವಿದೆ.

ದೊಡ್ಡ ವಾಹನದಲ್ಲಿ ಮಾತ್ರ ಇದಕ್ಕೆ ಜಾಗವಿತ್ತು. ನಮ್ಮಲ್ಲಿ 1982ರಲ್ಲಿ ಬಣ್ಣದ ಟಿವಿ ಪ್ರಸಾರ ಶುರುವಾದ ನಂತರದ ವರ್ಷಗಳಲ್ಲಿ ರಾತ್ರಿ ಓಡುವ ಖಾಸಗಿ ಬಸ್ಸುಗಳಲ್ಲಿ 'ವಿಡಿಯೋ ಕೋಚ್' ಎಂಬ ಬೋರ್ಡು ಕಾಣಿಸಿಕೊಂಡಿತು. ಚಾಲಕನ ಬೆನ್ನ ಹಿಂದೆ, ಎತ್ತರದಲ್ಲಿ ಒಂದು ಟಿವಿ, ಜೊತೆಗೆ ವಿಸಿಪಿ. ಊರು ದಾಟುವಷ್ಟರಲ್ಲಿ ಸಿನಿಮಾ ಶುರು. ನೋಡಬೇಕೆನ್ನುವವರಿಗೂ ನಿದ್ದೆ ಮಾಡಬೇಕೆನ್ನುವವರಿಗೂ ಅದರ ಸದ್ದು ಒಂದೇ.

ಕಾರಿಗೆ ಬೇಕಿದ್ದುದು ಚಪ್ಪಟೆಯಾದ, ಕಡಿಮೆ ವೋಲ್ಟೇಜಿನ ಪರದೆ. ಅದನ್ನು ಕೊಟ್ಟದ್ದು ದ್ರವ ಸ್ಫಟಿಕ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಚ್ ರೈನಿಟ್ಜರ್ ಗಮನಿಸಿದ ಈ ವಿಚಿತ್ರ ದ್ರವ್ಯಸ್ಥಿತಿ ಎಂಬತ್ತು ವರ್ಷ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್ಮೈಯರ್ ಮತ್ತು ಸಂಗಡಿಗರು ಇದರಿಂದ ಮಾಡಿದ ಪ್ರದರ್ಶಕವನ್ನು ಪ್ರಕಟಿಸಿದರು. ತಿರುಚಿದ ಅಣುಸಾಲುಗಳ ವಿಧಾನ 1970ರ ದಶಕದ ಆರಂಭದಲ್ಲಿ ಬಂತು. ಪ್ರತಿ ಬಿಂದುವಿಗೂ ಒಂದು ತೆಳುಪೊರೆ ಟ್ರಾನ್ಸಿಸ್ಟರ್ ಇಡುವ ವಿಧಾನವೂ ಅದೇ ದಶಕದಲ್ಲಿ ರೂಪುಗೊಂಡಿತು. ಜಪಾನಿನ ಶಾರ್ಪ್ ಕಂಪನಿ 1988ರಲ್ಲಿ 14 ಅಂಗುಲದ ಬಣ್ಣದ ಪರದೆ ತೋರಿಸಿತು.

ಆದರೂ ಒಂದು ಕೊರತೆ ಇತ್ತು. ನೇರ ಎದುರಿನಿಂದ ನೋಡಿದರೆ ಚಿತ್ರ ಸರಿ, ಓರೆಯಾಗಿ ನೋಡಿದರೆ ಬಣ್ಣ ತಿರುವುಮುರುವು. ಕಾರಿನ ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಎಲ್ಲರೂ ನೇರ ಎದುರಿಗೆ ಇರಲಾರರು. ಈ ಕೊರತೆ ತಗ್ಗಿದ ಕಥೆಗೆ ಬೆಂಗಳೂರಿನ ನಂಟಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಹೊಸ ಬಗೆಯ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಅದುವರೆಗೆ ದ್ರವ ಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕು ಎಂದು ನಂಬಲಾಗಿತ್ತು. ಇವರು ತೋರಿಸಿದ್ದು ಬೆಂಜೀನ್ ಉಂಗುರದ ಸುತ್ತ ಆರು ತೋಳುಗಳಿರುವ, ಬಿಲ್ಲೆಯಾಕಾರದ ಅಣುಗಳು. ಚಂದ್ರಶೇಖರ್ ಅದಕ್ಕೂ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. 1990ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ಇಂಥ ಬಿಲ್ಲೆಯಾಕಾರದ ಅಣುಗಳ ತೆಳು ಹಾಳೆಯನ್ನು ಪರದೆಗೆ ಅಂಟಿಸಿ, ಓರೆಯಿಂದಲೂ ಚಿತ್ರ ಸರಿಯಾಗಿ ಕಾಣುವಂತೆ ಮಾಡಿತು. ಯಾವ ಉಪಯೋಗವನ್ನೂ ಮುಂದಿಟ್ಟುಕೊಳ್ಳದ ಮೂಲಸಂಶೋಧನೆ ಹದಿನೆಂಟು ವರ್ಷಗಳ ಆಸುಪಾಸಿನಲ್ಲಿ ಕೋಟ್ಯಂತರ ಪರದೆಗಳಿಗೆ ಬಂತು.

ಅಮೆರಿಕದಲ್ಲಿ 1999ರ ಓಲ್ಡ್ಸ್‌ಮೊಬೈಲ್ ಸಿಲೂಎಟ್ ವ್ಯಾನಿನ ಒಂದು ಮಾದರಿಯಲ್ಲಿ ಚಾವಣಿಯಿಂದ ಮಡಚಿ ಇಳಿಸುವ ಪರದೆ ಮತ್ತು ವಿಡಿಯೋ ಟೇಪಿನ ಯಂತ್ರ ಕಾರ್ಖಾನೆಯಿಂದಲೇ ಬಂದವು. ಮುಂದೆ ಟೇಪಿನ ಜಾಗಕ್ಕೆ ಡಿವಿಡಿ ಬಂತು. 2000ದ ದಶಕದಲ್ಲಿ ಹೆಡ್‌ರೆಸ್ಟಿನಲ್ಲಿ ಕೂರಿಸುವ ಪರದೆಗಳು ಅಗ್ಗವಾದವು. ಆ ಪರದೆಗಳ ಹಿಂಬೆಳಕಿಗೆ ತೆಳು ಪ್ರತಿದೀಪ್ತಿ ನಳಿಕೆಯಿತ್ತು. ಅದಕ್ಕೆ ನೂರಾರು ವೋಲ್ಟ್ ಬೇಕು. ಹೀಗೆ ಬ್ಯಾಟರಿಯ ವೋಲ್ಟೇಜು ಏರಿಸುವ ಹಳೆಯ ವೈಬ್ರೇಟರಿನ ಕೆಲಸ ಟ್ರಾನ್ಸಿಸ್ಟರಿನ ರೂಪದಲ್ಲಿ ಮತ್ತೆ ಬಂತು! ಎಲ್‌ಇಡಿ ಹಿಂಬೆಳಕು ಬಂದ ಮೇಲೆ ಅದೂ ಬೇಡವಾಯಿತು.

ಎರಡು ತಂತಿಗಳ ಲೆಕ್ಕ

ಈಗ ಬ್ಯಾಂಕರ್‌ನ ಕಾರಿನ ಬೆಂಕಿಗೆ ಮರಳೋಣ. ಎರಡು ಪರದೆ, ಒಂದು ಡಿವಿಡಿ ಯಂತ್ರ, ಒಂದೊಂದಕ್ಕೆ 12 ವ್ಯಾಟ್ ಎಂದುಕೊಂಡರೆ ಒಟ್ಟು 36 ವ್ಯಾಟ್. 12 ವೋಲ್ಟಿನಲ್ಲಿ ಪ್ರವಾಹ 3 ಆಂಪಿಯರ್. ಬ್ಯಾಟರಿಯಿಂದ ಸೀಟಿಗೆ 5 ಮೀಟರ್. ಹಿಂತಿರುಗಲೂ ತಂತಿಯನ್ನೇ ಎಳೆದರೆ ಒಟ್ಟು 10 ಮೀಟರ್. ಅರ್ಧ ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಬಳಸಿದರೆ ರೋಧ ಸುಮಾರು 0.34 ಓಮ್. ದಾರಿಯಲ್ಲೇ ಸುಮಾರು 1 ವೋಲ್ಟ್ ನಷ್ಟ. ಒಂದೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಅದರ ಮೂರನೇ ಒಂದು ಭಾಗ. ಇಷ್ಟರಲ್ಲಿ ಅಪಾಯವೇನೂ ಇಲ್ಲ.

ಆದರೆ ಸೀಟಿನ ಹಳಿಗೆ ಉಜ್ಜಿ ಉಜ್ಜಿ ಕೆಂಪು ತಂತಿಯ ಹೊದಿಕೆ ಸವೆದು, ತಾಮ್ರವು ಕಾರಿನ ಮೈಗೆ ತಗುಲಿದರೆ? ತೆಳು ತಂತಿಯ ಪೂರ್ತಿ 10 ಮೀಟರನ್ನು ಲೆಕ್ಕಕ್ಕೆ ಹಿಡಿದರೂ, 12 ವೋಲ್ಟನ್ನು 0.34 ಓಮಿನಿಂದ ಭಾಗಿಸಿದಾಗ ಪ್ರವಾಹ 35 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ 400 ವ್ಯಾಟಿಗೂ ಹೆಚ್ಚು. ಸಂಪರ್ಕ ಮಧ್ಯದಲ್ಲೇ ಆದರೆ ರೋಧ ಇನ್ನೂ ಕಡಿಮೆ, ಪ್ರವಾಹ ಇನ್ನೂ ಹೆಚ್ಚು. ಪ್ಲಾಸ್ಟಿಕ್ ಹೊದಿಕೆ ಕರಗಿ, ಸೀಟಿನ ಸ್ಪಂಜಿಗೆ ಬೆಂಕಿ ತಗಲಲು ಇಷ್ಟು ಸಾಕು. ನೂರಾರು ಆಂಪಿಯರ್ ಕೊಟ್ಟು ಎಂಜಿನನ್ನೇ ತಿರುಗಿಸುವ ಬ್ಯಾಟರಿಗೆ 35 ಆಂಪಿಯರ್ ಒಂದು ಲೆಕ್ಕವೇ ಅಲ್ಲ.

ಆದ್ದರಿಂದ ಕೆಂಪು ತಂತಿಯಲ್ಲಿ 5 ಆಂಪಿಯರಿನ ಫ್ಯೂಸ್ ಇರಬೇಕು. ಎಲ್ಲಿ? ಬಹಳ ಮಂದಿ ಅದನ್ನು ಪರದೆಯ ಬಳಿ ಹಾಕುತ್ತಾರೆ. ಅಲ್ಲಿ ಹಾಕಿದರೆ ಸೀಟಿನ ಕೆಳಗೆ ಆಗುವ ಅವಘಡ ಫ್ಯೂಸಿನ ಹಿಂದೆಯೇ ಉಳಿಯುತ್ತದೆ, ಫ್ಯೂಸಿಗೆ ಅದು ತಿಳಿಯುವುದೇ ಇಲ್ಲ. ಫ್ಯೂಸ್ ಕಾಯುವುದು ತಂತಿಯನ್ನು. ಹಾಗಾಗಿ ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಕಾರಿನ ಫ್ಯೂಸ್ ಪೆಟ್ಟಿಗೆಯಿಂದಲೋ ಸಿಗರೇಟ್ ಲೈಟರ್ ಸಾಕೆಟ್ಟಿನಿಂದಲೋ ವಿದ್ಯುತ್ ಪಡೆದರೆ ತಯಾರಕರೇ ಹಾಕಿದ ಫ್ಯೂಸ್ ಅಲ್ಲಿರುತ್ತದೆ. ಆದರೆ ಅದು ಆ ಸಾಕೆಟ್ಟಿನವರೆಗಿನ ತಂತಿಗೆ ತಕ್ಕ ಫ್ಯೂಸ್. ಅಲ್ಲಿಂದ ಮುಂದಿನ ತೆಳು ತಂತಿಗೆ ಅದರದೇ ಚಿಕ್ಕ ಫ್ಯೂಸ್ ಇರಲಿ.

ಕೀಲಿ ತೆಗೆದಾಗ ವಿದ್ಯುತ್ ನಿಲ್ಲುವ ಸಂಪರ್ಕವನ್ನೇ ಆರಿಸಬೇಕು. 35 ಆಂಪಿಯರ್-ಗಂಟೆಯ ಸಣ್ಣ ಕಾರಿನ ಬ್ಯಾಟರಿಯಿಂದ 3 ಆಂಪಿಯರ್ ನಾಲ್ಕು ಗಂಟೆ ಹರಿದರೆ ಮೂರನೇ ಒಂದು ಭಾಗ ಖಾಲಿ. ರಾತ್ರಿಯಿಡೀ ಮರೆತರೆ ಬೆಳಿಗ್ಗೆ ಕಾರನ್ನು ತಳ್ಳಬೇಕಾದೀತು.

ತಲೆ ಮತ್ತು ಪರದೆ

ಇನ್ನೊಂದು ಇತಿಹಾಸ ಸುರಕ್ಷತೆಯದು. ಹಿಂದಿನಿಂದ ವಾಹನ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಬಾಗಿ ಪೆಟ್ಟಾಗುವುದನ್ನು ತಡೆಯಲು ಅಮೆರಿಕ 1969ರ ಜನವರಿ 1ರಿಂದ ಹೊಸ ಕಾರುಗಳ ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಕಡ್ಡಾಯ ಮಾಡಿತು. 1997ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ, ಗುದ್ದಿದ ಕ್ಷಣದಲ್ಲಿ ತಾನೇ ಮುಂದಕ್ಕೆ ಬಂದು ತಲೆಗೆ ಆಸರೆ ಕೊಡುವ ಹೆಡ್‌ರೆಸ್ಟ್ ತಂದಿತು. ಹೆಸರು ಹೆಡ್‌ರೆಸ್ಟ್ ಆದರೂ ಅದರ ಕೆಲಸ ವಿಶ್ರಾಂತಿಯದಲ್ಲ. ಅದನ್ನು ತೆಗೆದು, ಪರದೆಯಿರುವ ಅಗ್ಗದ ಹೆಡ್‌ರೆಸ್ಟ್ ಹಾಕಿದರೆ ಈ ರಕ್ಷಣೆ ಹೋಗಬಹುದು.

ಸೀಟಿನ ಬೆನ್ನಿಗೂ ಒಂದು ನಿಯಮವಿದೆ. ಕಾರು ಡಿಕ್ಕಿಯಾದಾಗ ಹಿಂದಿನ ಸೀಟಿನವರ ತಲೆ ಬಡಿಯುವುದು ಅಲ್ಲಿಗೇ. ಅಮೆರಿಕದ 201ನೇ ವಾಹನ ಸುರಕ್ಷಾ ಮಾನದಂಡದ ಪ್ರಕಾರ, 6.8 ಕಿಲೋಗ್ರಾಂನ ಕೃತಕ ತಲೆಯೊಂದು ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಬಡಿದಾಗ, ಅದರ ವೇಗ ಕುಗ್ಗುವ ದರ 80 'ಜಿ'ಗಿಂತ ಹೆಚ್ಚಾಗಿ ಸತತ 3 ಮಿಲಿಸೆಕೆಂಡು ಮೀರಿ ಇರಬಾರದು. ಇಲ್ಲಿ 'ಜಿ' ಎಂದರೆ ಗುರುತ್ವ ವೇಗೋತ್ಕರ್ಷ.

ಇದರ ಅರ್ಥವನ್ನು ಪಿಯುಸಿ ಸಮೀಕರಣದಿಂದಲೇ ತಿಳಿಯಬಹುದು. ಗಂಟೆಗೆ 24 ಕಿಲೋಮೀಟರ್ ಎಂದರೆ ಸೆಕೆಂಡಿಗೆ 6.67 ಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ದರ ಸಿಗುತ್ತದೆ. ಅದು 80 ಜಿ ಆಗಬೇಕಾದರೆ ತಲೆ ನಿಲ್ಲುವ ದೂರ ಸುಮಾರು 2.8 ಸೆಂಟಿಮೀಟರ್. ಮೆತ್ತನೆಯ ಸೀಟಿನ ಬೆನ್ನು ಅಷ್ಟು ಒಳಗೆ ಹೋಗಬಲ್ಲದು. ಗಟ್ಟಿ ಚೌಕಟ್ಟಿನ ಪರದೆ ಅರ್ಧ ಸೆಂಟಿಮೀಟರ್ ಮಾತ್ರ ಬಗ್ಗಿತೆನ್ನಿ, ದರ 450 ಜಿ ಮೀರುತ್ತದೆ. ಕಾರ್ಖಾನೆಯಲ್ಲಿ ಕೂರಿಸುವ ಪರದೆಯನ್ನು ಸೀಟಿನೊಳಗೆ ಹುದುಗಿಸಿ, ಮೇಲೆ ಒಡೆಯದ ಹೊದಿಕೆ ಕೊಡುವುದು ಇದಕ್ಕಾಗಿ. ಹಿಂದಿನ ಸೀಟಿನಲ್ಲೂ ಬೆಲ್ಟ್ ಕಟ್ಟಿಕೊಳ್ಳಬೇಕು ಎಂಬುದಕ್ಕೂ ಇದೇ ಕಾರಣ. ಬೆಲ್ಟ್ ಇದ್ದರೆ ತಲೆ ಪರದೆಯನ್ನು ಮುಟ್ಟುವ ಸಂಭವ ಬಹಳ ಕಡಿಮೆ.

ಚಾಲಕನ ಕಣ್ಣಿನ ಪ್ರಶ್ನೆಯೂ ಉಂಟು. ಬ್ರಿಟನ್ನಿನ 1986ರ ವಾಹನ ನಿಯಮಗಳು ಚಾಲಕನಿಗೆ ಕಾಣುವ ಜಾಗದಲ್ಲಿ ಟಿವಿ ಪರದೆ ಇಡುವುದನ್ನು ನಿಷೇಧಿಸಿದವು. ವಾಹನ ಮತ್ತು ರಸ್ತೆಯ ಮಾಹಿತಿ ತೋರಿಸುವುದಕ್ಕೆ ಮಾತ್ರ ವಿನಾಯಿತಿ. ಚಾವಣಿಯಿಂದ ಇಳಿಬಿಟ್ಟ ಪರದೆ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ಮರೆಮಾಡಬಾರದು. ಸದ್ದು ಚಾಲಕನಿಗೆ ತೊಂದರೆಯಾಗದಂತೆ ಹೆಡ್‌ಫೋನ್ ಬಳಸುವುದು ಒಳ್ಳೆಯದು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಜಾಗದ ಹೊದಿಕೆ ಬಿಚ್ಚುವುದಾಗಲಿ, ಸೀಟಿನ ಕೆಳಗಿನ ಹಳದಿ ಹೊದಿಕೆಯ ತಂತಿಗಳನ್ನು ಮುಟ್ಟುವುದಾಗಲಿ ಕೂಡದು. ಅದು ತರಬೇತಿ ಪಡೆದವರ ಕೆಲಸ.

ತರಗತಿಗೆ ಕೆಲವು ಪ್ರಯೋಗಗಳು

ಈ ಇತಿಹಾಸವನ್ನು ಶಿಕ್ಷಕರು ತರಗತಿಯಲ್ಲಿ ಮಾಡಿ ತೋರಿಸಬಹುದು. ಮಲ್ಟಿಮೀಟರ್ ಹಿಡಿದು, ಕಾರು ನಿಂತಾಗ ಮತ್ತು ಎಂಜಿನ್ ಓಡುವಾಗ ಲೈಟರ್ ಸಾಕೆಟ್ಟಿನ ವೋಲ್ಟೇಜು ಅಳೆಯಲಿ. ಟಾರ್ಚಿನ ಎರಡು ಒಣಕೋಶ, ಪಾತ್ರೆ ಉಜ್ಜುವ ಉಕ್ಕಿನ ನಾರಿನ ಒಂದೇ ಎಳೆ ಬಳಸಿ, ತಟ್ಟೆಯ ಮೇಲೆ ಫ್ಯೂಸ್ ಉರಿಯುವುದನ್ನು ತೋರಿಸಲಿ. ಕಾರಿನ ಬ್ಯಾಟರಿಯಿಂದ ಈ ಪ್ರಯೋಗ ಬೇಡ. ಹಳೆಯ ಕ್ಯಾಲ್ಕುಲೇಟರಿನ ಪರದೆಯನ್ನು ಓರೆಯಾಗಿಸಿ ನೋಡಿದರೆ ದ್ರವ ಸ್ಫಟಿಕದ ಕೋನದ ಸಮಸ್ಯೆ ಅರ್ಥವಾಗುತ್ತದೆ.

2010ರಿಂದ ಈಚೆಗೆ ಟ್ಯಾಬ್ಲೆಟ್ಟುಗಳು ಬಂದಮೇಲೆ ಅನೇಕರು ಪರದೆಗೆಂದು ತಂತಿ ಎಳೆಯುವುದನ್ನೇ ಬಿಟ್ಟಿದ್ದಾರೆ. ಅದರಲ್ಲೇ ಬ್ಯಾಟರಿ ಇದೆ, ಬೇಕಾದರೆ ಕಾರಿನ 5 ವೋಲ್ಟಿನ ಯುಎಸ್‌ಬಿ ಸಾಕೆಟ್ಟಿನಿಂದ ತುಂಬಿಸಿಕೊಳ್ಳುತ್ತದೆ. ತಂತಿಯ ಲೆಕ್ಕ ಹೀಗೆ ಬಹುಮಟ್ಟಿಗೆ ತಪ್ಪಿತು. ಆದರೆ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಅರ್ಧ ಕಿಲೋ ತೂಕದ ಟ್ಯಾಬ್ಲೆಟ್ ಡಿಕ್ಕಿಯ ಕ್ಷಣದಲ್ಲಿ ಎಲ್ಲಿಗೆ ಹಾರುತ್ತದೆ, ಮಗುವಿನ ತಲೆ ಅದರ ಅಂಚಿಗೆ ತಗುಲಿದರೆ ನಿಲ್ಲಲು ಎಷ್ಟು ಮಿಲಿಮೀಟರ್ ಸಿಗುತ್ತದೆ ಎಂಬ ಲೆಕ್ಕ ಹಾಗೆಯೇ ಉಳಿದಿದೆ. ಪರದೆ ಕೊಳ್ಳುವ ಮುಂಚೆ ಮನೆಯ ವಿಜ್ಞಾನ ವಿದ್ಯಾರ್ಥಿಯಿಂದ ಆ ಲೆಕ್ಕವನ್ನೊಮ್ಮೆ ಮಾಡಿಸಿ ನೋಡಬಹುದು.